ಸೋಂಪಿನ ವಾಸನೆಯ ರಬ್ಬರ್ ಮೀನು

ಆ ವರ್ಷ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಮೀನಿಗೆಂದು ಮಸಾಲೆ ರುಬ್ಬುತ್ತಿದ್ದೆವು, ಪ್ರತಿ ಶನಿವಾರ ಮಧ್ಯಾಹ್ನ ಅದನ್ನು ಬದನೆಕಾಯಿಗೆ ಹಚ್ಚುತ್ತಿದ್ದೆವು. ರುಬ್ಬುತ್ತಿದ್ದವಳು ನನ್ನ ಹೆಂಡತಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆಹಣ್ಣು, ಚಿಟಿಕೆ ಅರಿಶಿನ. ಶುಕ್ರವಾರಕ್ಕೂ ಶನಿವಾರಕ್ಕೂ ನಡುವೆ ಮೀನು ಹಿಡಿದು ತರಬೇಕಾಗಿದ್ದವನು ನಾನು. ಆ ಬೇಸಿಗೆಯಲ್ಲಿ ನಾವಿಬ್ಬರೂ ತಿಂದಷ್ಟು ಬದನೆಕಾಯಿಯನ್ನು ಸಿಡ್ನಿಯ ಬೇರೆ ಯಾವ ಮನೆಯಲ್ಲೂ ತಿಂದಿರಲಾರರು.

ನಾನು ಮೈಸೂರಿನವನು. ಮೊಟ್ಟೆ ಹಾಕಿರಬಹುದೆಂಬ ಅನುಮಾನಕ್ಕೆ ಕೇಕನ್ನೂ ಮುಟ್ಟದ ಮನೆ ನಮ್ಮದು. ಅವಳು ಕುಂದಾಪುರದ ಹತ್ತಿರ ಕಡಲ ದಂಡೆಯವಳು, ಅವಳ ಅಪ್ಪನಿಗೆ ಸ್ವಂತ ದೋಣಿಯಿತ್ತು. ಬೆಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಾ ಪರಿಚಯವಾಗಿ, ಎರಡೂ ಮನೆಯವರನ್ನು ಕಾಡಿ ಬೇಡಿ ಒಪ್ಪಿಸಿ ಮದುವೆಯಾದೆವು. ಒಪ್ಪುವಾಗ ನನ್ನ ಅಮ್ಮ ಅವಳಿಂದ ಒಂದೇ ಒಂದು ಮಾತು ತೆಗೆದುಕೊಂಡಳು: ಅಡುಗೆಮನೆಗೆ ಮೀನು ತರಬಾರದು. ಹೊರಗೆ ಎಲ್ಲಿ ಏನು ಬೇಕಾದರೂ ತಿನ್ನಲಿ, ಒಲೆಯ ಮೇಲೆ ಮಾತ್ರ ಬೇಡ. ಸಿಡ್ನಿಗೆ ಬಂದು ಚಾಟ್ಸ್‌ವುಡ್‌ನಲ್ಲಿ ಎರಡು ಬೆಡ್‌ರೂಮಿನ ಯೂನಿಟ್ ಬಾಡಿಗೆಗೆ ಹಿಡಿದಾಗ, ಅಮ್ಮ ಇಲ್ಲಿಗೆ ಇಣುಕಿ ನೋಡುವುದಿಲ್ಲವಲ್ಲ ಎಂದು ನಾನೇ ಹೇಳಿದೆ. ಅವಳು ಒಪ್ಪಲಿಲ್ಲ. "ಕೊಟ್ಟ ಮಾತಿಗೆ ಪಾಸ್‌ಪೋರ್ಟ್ ಬೇಡ ಮಾರಾಯ," ಅಂದಳು.

ಹಾಗೆಂದು ಹೊರಗಿನ ಮೀನು ಅವಳಿಗೆ ರುಚಿಸುತ್ತಿತ್ತೇ ಎಂದರೆ ಅದೂ ಇಲ್ಲ. ಬೀಚಿನ ಬದಿಯ ಅಂಗಡಿಯಲ್ಲಿ ಹಿಟ್ಟಿನಲ್ಲಿ ಮುಳುಗಿಸಿ ಕರಿದು ಕೊಡುವುದನ್ನು ಒಂದು ತುಂಡು ಕಚ್ಚಿ, ಇದು ಮೀನಲ್ಲ, ಮೀನಿನ ಬೋಂಡ ಎಂದು ನನ್ನ ಪಾಲಿನ ಆಲೂಗಡ್ಡೆಗೆ ಕೈಹಾಕುತ್ತಿದ್ದಳು.

ಅವಳಿಗೆ ನಾಲ್ಕು ತಿಂಗಳು ತುಂಬಿದಾಗ ಬಯಕೆ ಶುರುವಾಯಿತು. ಮೊದಲು ಬಾಯಿ ಬಿಟ್ಟು ಹೇಳಲಿಲ್ಲ. ಒಂದು ದಿನ ತಾನೇ ಮೀನಿನ ಅಂಗಡಿಗೆ ಹೋಗಿ, ಐಸಿನ ಮೇಲಿನ ವಾಸನೆ ತಾಳಲಾರದೆ ಹೊರಗೋಡಿ ಬಂದು ಕಾರ್ ಪಾರ್ಕಿನಲ್ಲಿ ವಾಂತಿ ಮಾಡಿಕೊಂಡಳು. ಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ಕೂತು ಅಳುವುದಕ್ಕೇ ಶುರು ಮಾಡಿದಳು.

"ಯಾವ ಮೀನು ಬೇಕೇ ನಿಂಗೆ?" ಎಂದು ಕೇಳಿದೆ.

"ಯಾವ್ದಾದ್ರೂ ಆಯ್ತು. ಆದ್ರೆ ಅದೇ ದಿನ ನೀರಿಂದ ಬಂದದ್ದಾಗ್ಬೇಕು. ನಮ್ಮಲ್ಲಿ ಬೆಳಿಗ್ಗೆ ದೋಣಿ ಬಂದ್ರೆ ಹತ್ತು ಗಂಟೆಗೆ ಮನೇಲಿ ಮೀನು. ಐಸಲ್ಲಿ ವಾರ ಮಲಗಿದ್ದು ನಂಗೆ ಬೇಡ."

"ಅಷ್ಟೇ ತಾನೆ? ನಾನೇ ಹಿಡ್ಕೊಂಡು ಬರ್ತೀನಿ ಬಿಡು."

ಅಳುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ನೀನಾ? ಬೆಂಡೆಕಾಯಿ ಲೋಳೆ ಮುಟ್ಟೂಕೆ ಹೇಸ್ತೀಯಲ್ಲ ಮಾರಾಯ!"

ನನ್ನ ಸ್ವಭಾವವೇ ಹಾಗೆ. ಯಾರಾದರೂ ನಕ್ಕರೆ ಸಾಕು, ಆ ಕೆಲಸ ಮಾಡಿಯೇ ತೀರಬೇಕು ಎಂದು ಹಟ ಹತ್ತುತ್ತದೆ. ಆದರೆ ಅದು ಬರೀ ಹಟವಾಗಿರಲಿಲ್ಲ. ಅದರ ಹಿಂದಿನ ವರ್ಷ ನಾವು ಒಂದು ಮಗುವನ್ನು ಕಳೆದುಕೊಂಡಿದ್ದೆವು. ಬಸಿರಿಗೆ ಮೂರು ತಿಂಗಳೂ ತುಂಬಿರಲಿಲ್ಲ. ಈ ಸಲ ಅವಳು ಏನು ಕೇಳಿದರೂ ಇಲ್ಲ ಎನ್ನಬಾರದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಆ ಮೊದಲ ಸಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಸುದ್ದಿ ತಿಳಿದ ಕೂಡಲೇ ಅಮ್ಮ ಫೋನಿನಲ್ಲಿ ಒಂದು ಪಟ್ಟಿ ಓದಿದ್ದಳು. "ಹೆಂಡ್ತಿ ಬಸುರಿ ಅಂದ್ಮೇಲೆ ಗಂಡನಿಗೂ ನೇಮ ಇರತ್ತೆ ಕಣೋ. ತೆಂಗಿನಕಾಯಿ ಒಡೀಬೇಡ. ಕುಂಬಳಕಾಯಿ ಒಡೀಬೇಡ. ಸಮುದ್ರಕ್ಕೆ ಇಳೀಬೇಡ. ಯಾವ ಜೀವಾನೂ ಕೊಲ್ಲಬೇಡ, ಇರುವೆ ಆದ್ರೂ ಸರಿ." ಆಗ ನಾವು ಊರಿಗೆ ಮಾತಾಡುತ್ತಿದ್ದದ್ದು ಅಂಗಡಿಯಲ್ಲಿ ಕೊಂಡು ತಂದು ಉಜ್ಜಿ ನಂಬರ್ ನೋಡುವ ಫೋನ್ ಕಾರ್ಡಿನಲ್ಲಿ. ಇಂಥ ಪುರಾಣಕ್ಕೆಲ್ಲ ಕಾರ್ಡು ಖರ್ಚು ಮಾಡಬೇಡ ಎಂದು ಅಮ್ಮನನ್ನು ಗೇಲಿ ಮಾಡಿದ್ದೆ. ಅದಾಗಿ ಹತ್ತು ದಿನಕ್ಕೆ ಅಂಗೈ ಅಗಲದ ಒಂದು ಜೇಡ ಬೆಡ್‌ರೂಮಿನ ಗೋಡೆಯ ಮೇಲೆ ಬಂತು. ಇಲ್ಲಿ ಅಂಥವು ಸಾಮಾನ್ಯ, ಯಾರಿಗೂ ಏನೂ ಮಾಡುವುದಿಲ್ಲ. ಹೆಂಡತಿ ಕಿರುಚಿದಳೆಂದು ನಾನು ಚಪ್ಪಲಿ ತೆಗೆದುಕೊಂಡು ಹೊಡೆದೆ. ಮುಂದಿನ ವಾರವೇ ನಾವು ಆಸ್ಪತ್ರೆಯಲ್ಲಿದ್ದೆವು. ಜೇಡಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು, ಆಗಲೂ ಗೊತ್ತಿತ್ತು. ಆದರೂ ಆ ಜೊತೆ ಚಪ್ಪಲಿಯನ್ನು ಯಾರಿಗೂ ಹೇಳದೆ ಕೆಳಗಿನ ಕಸದ ಬಿನ್ನಿಗೆ ಹಾಕಿ ಬಂದೆ.

ಎರಡನೆಯ ಸಲ ಅಮ್ಮ ಪಟ್ಟಿ ಓದಲಿಲ್ಲ. "ಇಬ್ರೂ ಹುಷಾರಾಗಿರಿ" ಅಂದಳು, ಅಷ್ಟೇ. ಪಟ್ಟಿ ಓದಿದ್ದರೆ ನಕ್ಕುಬಿಡುತ್ತಿದ್ದೆನೇನೋ. ಓದದೆ ಬಿಟ್ಟಿದ್ದೇ ನನ್ನ ತಲೆಯಲ್ಲಿ ಕೂತಿತು.

ಮೀನು ಹಿಡಿಯಲು ಹೊರಟವನಿಗೆ ಮೀನು ಸಾಯಬೇಕಾಗುತ್ತದೆ ಎಂಬುದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ. ಹುಟ್ಟಾ ಸಸ್ಯಾಹಾರಿಯ ದಡ್ಡತನ ಅದು. ಹಿಡಿಯುವುದು ನನ್ನ ಕೆಲಸ, ತಿನ್ನುವುದು ಅವಳ ಕೆಲಸ ಎಂದುಕೊಂಡಿದ್ದೆ. ಈ ಎರಡರ ನಡುವೆ ಇನ್ನೊಂದು ಕೆಲಸವಿದೆ ಎಂಬ ಕಡೆಗೆ ತಲೆಯೇ ಓಡಿರಲಿಲ್ಲ.

ಮೀನುಗಾರಿಕೆಯ ಸಾಮಾನಿನ ಅಂಗಡಿಯಲ್ಲಿದ್ದ ಮುದುಕ ಮೊದಲು ಕೇಳಿದ್ದು, ಗಾಳಕ್ಕೆ ಏನು ಸಿಕ್ಕಿಸುತ್ತೀಯ ಎಂದು. ಪಕ್ಕದ ಫ್ರೀಜರಿನಲ್ಲಿ ಸೀಗಡಿ, ಹುಳ, ಸಣ್ಣ ಮೀನು ಎಲ್ಲ ಪ್ಯಾಕೆಟ್ಟಿನಲ್ಲಿದ್ದವು. ಅವನ್ನು ತಂದರೆ ನಮ್ಮ ಫ್ರಿಡ್ಜಿನಲ್ಲಿ ಇಡಬೇಕು. ಫ್ರಿಡ್ಜು ಅಡುಗೆಮನೆಯಲ್ಲಿದೆ. ಸತ್ತ ಸೀಗಡಿಯಾದರೂ ಅಮ್ಮನ ಲೆಕ್ಕಕ್ಕೆ ಮೀನೇ. ಮೇಲಾಗಿ ಅದನ್ನು ಬೆರಳಿನಿಂದ ಮುಟ್ಟುವುದು ನನ್ನಿಂದಾಗದ ಮಾತು. ಇದನ್ನೆಲ್ಲ ಅವನಿಗೆ ವಿವರಿಸಲಾರದೆ, ಮುಟ್ಟಿದರೆ ವಾಸನೆ ಬರದಂಥದ್ದು ಏನಾದರೂ ಇದೆಯೇ ಎಂದು ಕೇಳಿದೆ. ಅವನು ನಕ್ಕು ಗೋಡೆ ತುಂಬ ನೇತುಹಾಕಿದ್ದ ರಬ್ಬರ್ ಮೀನುಗಳನ್ನು ತೋರಿಸಿದ. ಆಗ ಅವು ಹೊಸ ಹುಚ್ಚು. ಬೆರಳುದ್ದದ ಮೆತ್ತನೆಯ ಮೀನು, ಅದರೊಳಗೆ ತೂರಿಸಲು ಸೀಸದ ತಲೆಯಿರುವ ಕೊಕ್ಕೆ. ಒಂದಕ್ಕೆ ಸುರುಳಿ ಬಾಲ, ಇನ್ನೊಂದಕ್ಕೆ ದೋಣಿಯ ಹುಟ್ಟಿನಂಥ ಅಗಲ ಬಾಲ, ಮತ್ತೊಂದಕ್ಕೆ ಹಾವಿನ ನಾಲಿಗೆಯ ಹಾಗೆ ಸೀಳಿದ ಬಾಲ.

ಫ್ಲಾಟ್‌ಹೆಡ್ ಹಿಡಿ ಎಂದವನೂ ಅವನೇ. ಹೊಸಬರಿಗೂ ಸಿಗುವ ಮೀನು, ತಿನ್ನಲು ರುಚಿ, ರಬ್ಬರಿಗೆ ಮೋಸಹೋಗುತ್ತದೆ. ಹೆಸರಿನ ಹಾಗೇ ಚಪ್ಪಟೆ ತಲೆ. ತಳದ ಮರಳಿನಲ್ಲಿ ಮೈ ಹೂತು ಕಣ್ಣಷ್ಟೇ ಹೊರಗಿಟ್ಟು ಮಲಗಿರುತ್ತದೆ. ಎದುರಿಗೆ ಏನಾದರೂ ಬಿದ್ದರೆ ಗಬಕ್ಕನೆ ಬಾಯಿ ಹಾಕುತ್ತದೆ.

ನಾನು ಒಂದು ಚೀಲ ತುಂಬ ಆರಿಸಿಕೊಂಡು ಬಂದೆ. ಗುಲಾಬಿ, ಗಿಳಿಹಸಿರು, ಮಿಂಚು ಬೆರೆಸಿದ ನೇರಳೆ, ಬೆನ್ನು ನೀಲಿ ಹೊಟ್ಟೆ ಬೆಳ್ಳಿ. ಎಲ್ಲವನ್ನೂ ಸೋಫಾದ ಮೇಲೆ ಹರಡಿದಾಗ ಹೆಂಡತಿ ಒಂದೊಂದನ್ನೇ ಎತ್ತಿ ನೋಡಿದಳು.

"ಇದನ್ನ ಮೀನು ತಿನ್ಬೇಕಾ, ಉಡ್ಬೇಕಾ?"

"ಬಣ್ಣ ಎದ್ದು ಕಾಣ್ಬೇಕು ಕಣೇ."

"ನಿಂಗೆ ಎದ್ದು ಕಾಣ್ತದೆ. ನೀನು ತಿಂತೀಯಾ?" ಎಂದು ಮೂಗಿನ ಹತ್ತಿರ ಹಿಡಿದಳು. ಅವಳ ಮುಖ ಅರಳಿತು. "ಅಯ್ಯೋ, ಸೋಂಪು! ಹೋಟ್ಲಲ್ಲಿ ಊಟ ಆದ್ಮೇಲೆ ಬಿಲ್ ಜೊತೆ ಕೊಡ್ತಾರಲ್ಲ, ಅದೇ ವಾಸನೆ."

ನಿಜ. ಮೀನಿಗೆ ಇಷ್ಟವಾಗಲೆಂದು ಆ ರಬ್ಬರಿಗೆ ಸೋಂಪಿನ ಎಣ್ಣೆ ಹಾಕಿರುತ್ತಾರೆ. ಅಂದಿನಿಂದ ಪ್ರತಿ ಶನಿವಾರ ನನ್ನ ಕೈ ಸೋಂಪಿನ ವಾಸನೆ ಹೊಡೆಯುತ್ತಿತ್ತು. ಬರಿಗೈಯಲ್ಲಿ ಬಂದರೂ ಊಟ ಮುಗಿಸಿದವನ ಹಾಗೆ ಬರ್ತೀಯ ಎಂದು ಅವಳು ಛೇಡಿಸುತ್ತಿದ್ದಳು.

ಮೀನು ಹಿಡಿಯಲು ನಾವು ಹೋಗುತ್ತಿದ್ದದ್ದು ನ್ಯಾರಬೀನ್ ಕೆರೆಗೆ. ಕೆರೆಯೆಂದರೆ ಸಮುದ್ರಕ್ಕೆ ಬಾಯಿ ತೆರೆದಿರುವ ಉಪ್ಪುನೀರಿನ ಕೆರೆ. ಉಬ್ಬರಕ್ಕೆ ತುಂಬುತ್ತದೆ, ಇಳಿತಕ್ಕೆ ತಳದ ಮರಳು ಮೇಲೆ ಕಾಣುತ್ತದೆ. ಮ್ಯಾಕ್ವೆರಿ ಪಾರ್ಕ್ ಬಡಾವಣೆಯಲ್ಲಿದ್ದ ನನ್ನ ಆಫೀಸಿನಲ್ಲಿ ಶುಕ್ರವಾರ ಉಬ್ಬರ ಇಳಿತದ ವೇಳೆಯನ್ನು ಪ್ರಿಂಟ್ ಮಾಡಿಕೊಳ್ಳುತ್ತಿದ್ದೆ. ಜೊತೆಗೆ ನನ್ನದೇ ಒಂದು ಹಾಳೆ: ಬಾಲದ ಬಗೆ, ಬಣ್ಣ, ಸೀಸದ ತೂಕ, ನೀರು ತಿಳಿಯೋ ಕದಡಿದೆಯೋ, ಮೋಡವೋ ಬಿಸಿಲೋ. ಕೊನೆಯ ಕಾಲಮ್ಮಿನಲ್ಲಿ ಫಲಿತಾಂಶ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುವುದು ಅಲ್ಲಿಯ ಪದ್ಧತಿ. ಆರು ಶನಿವಾರ ಹಾಗೇ ಮಾಡಿದೆ. ಕೊನೆಯ ಕಾಲಮ್ಮಿನಲ್ಲಿ ಆರು ಸಲ "ಇಲ್ಲ" ಎಂದು ಬರೆದೆ.

ನಮ್ಮ ಹಳೆಯ ಕಾರಿನ ಡಿಕ್ಕಿಯಲ್ಲಿ ಮಸಾಲೆ ಡಬ್ಬಿ, ತವಾ, ಎಣ್ಣೆ ಬಾಟಲಿ, ಪೇಪರಿನಲ್ಲಿ ಸುತ್ತಿದ ಚಾಕು ಪ್ರತಿ ಶನಿವಾರ ಹೊರಡುವ ಮುನ್ನ ಸಿದ್ಧ. ಕೆರೆಯ ದಡದ ಪಾರ್ಕಿನಲ್ಲಿ ಗುಂಡಿ ಒತ್ತಿದರೆ ಬಿಸಿಯಾಗುವ ಬಾರ್ಬೆಕ್ಯೂ ಒಲೆ ಇತ್ತು. ಮನೆಯ ಒಲೆಗೆ ಮೀನು ಏರುವಂತಿಲ್ಲವಲ್ಲ, ಅಲ್ಲಿಯೇ ಹುರಿಯುವುದೆಂದು ಅವಳ ಯೋಜನೆ. ಅವಳು ಮಡಚುವ ಕುರ್ಚಿಯಲ್ಲಿ ದೊಡ್ಡ ಟೋಪಿ ಹಾಕಿಕೊಂಡು ಕೂತು ನನ್ನನ್ನು ನೋಡುತ್ತಿದ್ದಳು. ನಾನು ಗಾಳದ ರಾಡನ್ನು ಜೋರಾಗಿ ಬೀಸಿ ದಾರ ಎಸೆಯುತ್ತಿದ್ದೆ, ಜೋರಾಗಿ ಸುತ್ತಿ ಎಳೆಯುತ್ತಿದ್ದೆ. ಮಧ್ಯೆ ಮಧ್ಯೆ ಮೀನಿನ ವಂಶವನ್ನೇ ಬೈಯುತ್ತಿದ್ದೆ. ಎಸೆತ ದೂರ ಹೋಗಲೆಂದು ದೊಡ್ಡ ಸೀಸದ ತಲೆ ಹಾಕಿದ್ದೆ, ಅದು ನೀರಿಗೆ ಬೀಳುವಾಗ ಕಲ್ಲು ಎಸೆದ ಹಾಗೆ ಸದ್ದಾಗುತ್ತಿತ್ತು.

ಏಳನೆಯ ಶನಿವಾರ ಅವಳಿಗೆ ತಡೆಯಲಾಗಲಿಲ್ಲ. ನೀರು ಪೂರಾ ಇಳಿದಿತ್ತು. ಎದ್ದು ಬರಿಗಾಲಲ್ಲಿ ಒದ್ದೆ ಮರಳಿನ ಮೇಲೆ ನಿಧಾನಕ್ಕೆ ನಡೆದು ಹೋಗಿ ನನ್ನನ್ನು ಕರೆದಳು. "ಇಲ್ಲಿ ಕಾಣು."

ಮರಳಿನಲ್ಲಿ ಮೊಳದುದ್ದದ ಒಂದು ಗುಳಿ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪು. ಎರಡು ಹೆಜ್ಜೆ ಆಚೆ ಅಂಥದ್ದೇ ಇನ್ನೊಂದು, ಅದರಾಚೆ ಮತ್ತೊಂದು.

"ನಿನ್ನ ಮೀನು ಮಲಗಿದ್ದ ಹಾಸಿಗೆ. ತಲೆ ಎಲ್ಲ ಒಂದೇ ಕಡೆಗುಂಟು, ಕಂಡ್ಯಾ? ನೀರು ಇಳೀತಾ ಅದ್ರ ಬಾಯಿಗೇ ಊಟ ತರ್ತದೆ. ಅದಕ್ಕೆ ಎದ್ದು ಹೋಗೂದೇ ಬೇಡ. ನೀನು ನಡುನೀರಲ್ಲಿ ಎಸೆದು ಓಡಿಸ್ಕೊಂಡು ಬಂದ್ರೆ ಅದು ಎಂತಕ್ಕೆ ಬೆನ್ನು ಹತ್ತಿ ಬರ್ತದೆ? ಅದ್ರ ಮೂಗಿನ ಮುಂದೆ ಬೀಳ್ಬೇಕು. ಬಿದ್ದದ್ದು ಏಳ್ಬೇಕು, ಮತ್ತೆ ಬೀಳ್ಬೇಕು. ಏಟು ತಿಂದ ಮರಿ ಹಾಗೆ."

ಅವಳ ಅಪ್ಪ ದೋಣಿಯಲ್ಲಿ ಕೈದಾರಕ್ಕೆ ಸೀಸ ಕಟ್ಟಿ, ಅದರ ಕೆಳಗೆ ಬಿಳಿ ನೈಲಾನ್ ದಾರದ ಕುಚ್ಚು ಕಟ್ಟಿ, ತಳಕ್ಕೆ ಬಿಟ್ಟು ಎತ್ತಿ ಎತ್ತಿ ಇಳಿಸುತ್ತಿದ್ದರಂತೆ. ರಬ್ಬರೂ ಇಲ್ಲ, ಸೋಂಪೂ ಇಲ್ಲ. ಎತ್ತುವಾಗ ಮೀನು ನೋಡುತ್ತದೆ, ಇಳಿಯುವಾಗ ಕಚ್ಚುತ್ತದೆ ಎಂದು ಅವರು ಹೇಳುತ್ತಿದ್ದರಂತೆ. ಆರು ವಾರ ನಾನು ಹಾಳೆ ತುಂಬುವಾಗ ಇದನ್ನು ಯಾಕೆ ಹೇಳಲಿಲ್ಲ ಎಂದು ರೇಗಿದೆ. "ನೀನು ಕೇಳ್ಲಿಲ್ಲ. ನಿಂಗೆ ಪ್ರಿಂಟರ್ ಇತ್ತಲ್ಲ," ಅಂದಳು.

ಆ ದಿನ ನನ್ನ ಚೀಲವನ್ನು ಅವಳೇ ಜಾಲಾಡಿದಳು. ಅಂಗಡಿಯವನು ಸುಮ್ಮನೆ ಸೇರಿಸಿ ಕೊಟ್ಟಿದ್ದ ಒಂದು ಪ್ಯಾಕೆಟ್ ತಳದಲ್ಲಿತ್ತು. ಕಂದೂ ಅಲ್ಲದ ಹಸಿರೂ ಅಲ್ಲದ ಮಂಕು ಬಣ್ಣ, ಮೈಮೇಲೆ ಕರಿ ಚುಕ್ಕೆ. ಪ್ಯಾಕೆಟ್ಟಿನ ಮೇಲೆ ಬಣ್ಣದ ಹೆಸರು ಕುಂಬಳದ ಬೀಜ ಎಂದಿತ್ತು. ಮರಳಿನ ಮೇಲೆ ಮರಿಮೀನು ಹೀಗೇ ಕಾಣೂದು ಎಂದು ಅದನ್ನೇ ಆರಿಸಿದಳು. ಸೀಸವನ್ನೂ ಇದ್ದುದರಲ್ಲಿ ಸಣ್ಣದಕ್ಕೆ ಇಳಿಸಿದಳು. ತಳ ಮುಟ್ಟುವಷ್ಟು ಭಾರ ಇದ್ದರೆ ಸಾಕು, ಅದಕ್ಕಿಂತ ಒಂದು ಗುಂಜಿಯೂ ಬೇಡ. ನಿಧಾನಕ್ಕೆ ಬಿದ್ದಷ್ಟೂ ಮೀನಿಗೆ ಯೋಚಿಸಲು ಹೊತ್ತು ಸಿಗುತ್ತದೆ.

ಇಷ್ಟಾದರೂ ಕಚ್ಚಿದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಎರಡು ಸಲ ರಬ್ಬರಿನ ಬಾಲ ತುಂಡಾಗಿ ಬಂತು. ಅದಕ್ಕೆ ಅವಳು ಮನೆಯಲ್ಲಿ ಪಾಠ ಶುರು ಮಾಡಿದಳು. ಸಂಜೆ ಆಫೀಸಿನಿಂದ ಬಂದ ಮೇಲೆ ನಾನು ರಾಡ್ ಹಿಡಿದು ಬಾಲ್ಕನಿಯಲ್ಲಿ ಹೊರಗೆ ಮುಖ ಮಾಡಿ ನಿಲ್ಲಬೇಕು. ದಾರ ಹಾಲ್ ದಾಟಿ ಅಡುಗೆಮನೆಯ ಬಾಗಿಲಿನವರೆಗೆ. ಅಲ್ಲಿ ಅವಳು ಕುರ್ಚಿ ಹಾಕಿಕೊಂಡು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿರುತ್ತಾಳೆ. ಮೆಲ್ಲಗೆ ಜಗ್ಗಿದರೆ ಹುಲ್ಲು. ಗಡುಸಾಗಿ ನಿಂತರೆ ಕಲ್ಲು. ಸಡಿಲಾದರೆ ತಳ ಮುಟ್ಟಿದೆ. ಟಕ್ ಎಂದು ಒಂದೇ ಒಂದು ಬಡಿತ ಬಂದರೆ ಮೀನು.

"ಈಗ ಎಂತ, ಹೇಳು."

"ಮೀನು!"

"ಹುಲ್ಲು. ಈಗ?"

"ಕಲ್ಲು."

"ಮೀನಾಗಿತ್ತು. ಹೋಯ್ತು."

ಎದುರಿನ ಕಟ್ಟಡದ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ನಾಲ್ಕನೆಯ ಮಹಡಿಯಲ್ಲಿ ರಾಡ್ ಹಿಡಿದು ನಿಂತವನನ್ನು ನೋಡಿ ಬೇಗ ಒಳಗೆ ಹೋಗಿದ್ದು ನೆನಪಿದೆ. ಒಂದು ವಾರ ಹೀಗೇ ನಡೆಯಿತು. ಒಂದು ಸಂಜೆ ಹತ್ತಕ್ಕೆ ಒಂಬತ್ತು ಸರಿ ಹೇಳಿ ಬೀಗುತ್ತಿದ್ದೆ. ಆಗ ದಾರದಲ್ಲಿ ಬೇರೆ ಏನೋ ಬಂತು. ಟಕ್. ಆದರೆ ಅವಳ ಬಡಿತಕ್ಕಿಂತ ಮೆತ್ತಗೆ, ಎಲ್ಲೋ ಒಳಗಿನಿಂದ ಬಂದ ಹಾಗೆ.

"ಇದೇನೇ? ಇದನ್ನ ನೀನು ಹೇಳ್ಕೊಟ್ಟಿಲ್ಲ."

ತಿರುಗಿ ನೋಡಿದರೆ ಅವಳು ದಾರ ಸುತ್ತಿದ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅದು ನಾನಲ್ಲ ಮಾರಾಯ," ಅಂದಳು. ನಮ್ಮ ಮಗುವಿನ ಒದೆ ನನಗೆ ಮೊದಲು ಗೊತ್ತಾದದ್ದು ಹಾಗೆ, ಮೀನಿನ ದಾರದಲ್ಲಿ. ನಾನು ರಾಡನ್ನು ಅಲ್ಲೇ ಬಿಟ್ಟು ಒಳಗೋಡಿದೆ. ಆ ಸಂಜೆಯಷ್ಟು ಖುಷಿಯಾಗಿ ನಾನು ಸಿಡ್ನಿಯಲ್ಲಿ ಬೇರೆ ಯಾವತ್ತೂ ಇರಲಿಲ್ಲ.

ಏಳನೇ ತಿಂಗಳಿಗೆ ಅವಳ ಪಾದ ಊದಿಕೊಂಡವು. ಇಲ್ಲಿ ನಡುಬೇಸಿಗೆಯಾದ ಜನವರಿಯ ಬಿಸಿಲು ಬೇರೆ. ಆ ಶನಿವಾರ ನೀನೊಬ್ಬನೇ ಹೋಗು ಎಂದಳು. ಸಿಕ್ಕಿದರೆ ಫೋನ್ ಮಾಡು, ಟ್ಯಾಕ್ಸಿ ಹಿಡಿದು ತವಾ ತೆಗೆದುಕೊಂಡು ಬರುತ್ತೇನೆ ಎಂದೂ ಹೇಳಿದಳು. ಬಾಗಿಲ ಹತ್ತಿರ ನಿಲ್ಲಿಸಿ ಪೇಪರ್ ಸುತ್ತಿದ ಚಾಕು ಕೈಗಿತ್ತಳು. "ಸಿಕ್ಕಿದ್ರೆ ಒದ್ದಾಡಿಸ್ಬೇಡ. ತಲೆ ಹಿಂದೆ ಒಂದೇ ಸಲ."

ಬೆಳಿಗ್ಗೆ ಎಂಟರ ಹೊತ್ತಿಗೆ ನೀರು ಇಳಿಯಲು ಶುರುವಾಗಿತ್ತು. ಮರಳದಿಬ್ಬ ಮುಗಿದು ಆಳ ಶುರುವಾಗುವ ಅಂಚಿಗೆ ಎಸೆದೆ. ಕುಂಬಳದ ಬೀಜದ ಬಣ್ಣ, ಸಣ್ಣ ಸೀಸ. ದಾರ ಸಡಿಲಾಗುವವರೆಗೆ ಕಾದೆ. ಎರಡು ಸಲ ಎತ್ತಿ ಬಿಟ್ಟೆ. ಇಳಿಯುವಾಗ ಬಂತು, ಟಕ್. ಬಾಲ್ಕನಿಯಲ್ಲಿ ಕಲಿತದ್ದು ಕೈಗೆ ತಾನಾಗಿ ಬಂದು ರಾಡ್ ಎತ್ತಿದೆ. ಆಚೆ ಕಡೆಯಿಂದ ಯಾರೋ ತಲೆ ಆಡಿಸಿ ಬೇಡ ಬೇಡ ಎನ್ನುವ ಹಾಗೆ ರಾಡಿನ ತುದಿ ಆಡತೊಡಗಿತು. ಸುತ್ತುವುದನ್ನು ಮರೆತು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದೇ ಅದನ್ನು ದಡಕ್ಕೆ ಎಳೆದುಬಿಟ್ಟೆ.

ಹುಲ್ಲಿನ ಮೇಲೆ ಮಲಗಿತ್ತು. ಇಷ್ಟಕ್ಕಿಂತ ಚಿಕ್ಕ ಮೀನನ್ನು ಇಟ್ಟುಕೊಳ್ಳಬಾರದೆಂಬ ಕಾನೂನಿನ ಅಳತೆಯ ಸ್ಟಿಕ್ಕರಿನ ಕೆಂಪು ಗೆರೆ ದಾಟಿ ಒಂದು ಗೇಣು ಹೆಚ್ಚಿತ್ತು. ಮರಳಿನ ಬಣ್ಣದ ಮೈ ತುಂಬ ಚುಕ್ಕೆ, ತಲೆಯ ಮೇಲೆ ಹತ್ತಿರ ಹತ್ತಿರ ಎರಡು ಕಣ್ಣು. ಒದ್ದೆ ಬಟ್ಟೆಯಲ್ಲಿ ಹಿಡಿದು ಕೊಕ್ಕೆ ಬಿಡಿಸಿದೆ. ಅದರ ಲೋಳೆ ನನ್ನ ಎರಡೂ ಕೈಗೆ ಮೆತ್ತಿತು, ಹೇಸಿಗೆಯಾಗಲಿಲ್ಲ. ಹೊಟ್ಟೆ ಉಬ್ಬಿತ್ತು. ಒಳಗೆ ಮೊಟ್ಟೆಯಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ಗೊತ್ತಾಗುವವಳು ಮನೆಯಲ್ಲಿದ್ದಳು. ಎಡಗೈಯಲ್ಲಿ ಮೀನು, ಬಲಗೈಯಲ್ಲಿ ಚಾಕು. ಅದರ ಕಿವಿರು ತೆರೆದು ಮುಚ್ಚುತ್ತಿತ್ತು. ಆಗ ಚಪ್ಪಲಿ ನೆನಪಾಯಿತು.

ನನಗೆ ಭಯವಾಯಿತು. ಅಮ್ಮನ ಪಟ್ಟಿಯನ್ನು ನಾನು ಇವತ್ತಿಗೂ ನಂಬುವುದಿಲ್ಲ, ಆದರೆ ಆ ಒಂದು ನಿಮಿಷ ಅಕ್ಷರಕ್ಷರವನ್ನೂ ನಂಬಿದೆ. ಹೆಂಡತಿಗೆ ಫೋನ್ ಮಾಡಿ ಕರೆದರೆ ಅವಳು ಬರುವಷ್ಟರಲ್ಲಿ ಅದು ದಡದಲ್ಲೇ ಸಾಯುತ್ತದೆ. ಬಕೆಟ್ಟಿನಲ್ಲಿ ಮನೆಗೆ ಒಯ್ದರೆ ದಾರಿಯಲ್ಲಿ ಸಾಯುತ್ತದೆ. ಹೇಗೆ ತಿರುಗಿಸಿ ನೋಡಿದರೂ ಸಾಯುವುದು ನನ್ನ ಕೈಯಲ್ಲೇ. ಬಯಕೆ ತೀರಿಸದಿದ್ದರೆ ಅವಳಿಗೆ ಅನ್ಯಾಯ, ತೀರಿಸಿದರೆ ಏನಾಗುತ್ತದೋ. ಮೊಣಕಾಲುದ್ದ ನೀರಿಗಿಳಿದು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಮೈ ಕೊಡವಿತು, ಮರಳಿನ ಮೋಡವೊಂದನ್ನು ಎಬ್ಬಿಸಿ ಆಳಕ್ಕೆ ಹೋಯಿತು.

ಕಾರಿನಲ್ಲಿ ಕೂತು ಅತ್ತೆ. ಯಾವುದಕ್ಕೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಪಾರ್ಕಿನ ನಲ್ಲಿಯಲ್ಲಿ ಮರಳು ಹಾಕಿ ಕೈ ಉಜ್ಜಿದೆ. ವಾಸನೆ ಹೋಗಲಿಲ್ಲ. ದಾರಿಯ ಅಂಗಡಿಯಲ್ಲಿ ಒಂದು ನಿಂಬೆಹಣ್ಣು ಕೊಂಡು, ಮೀನಿಗೆಂದು ಕೊಟ್ಟ ಚಾಕುವಿನಲ್ಲೇ ಅದನ್ನು ಕತ್ತರಿಸಿ, ಬೆರಳ ಸಂದಿಯವರೆಗೆ ತಿಕ್ಕಿ ತೊಳೆದೆ.

"ಸಿಕ್ತಾ?" ಬಾಗಿಲು ತೆಗೆದವಳು ಕೇಳಿದಳು.

"ಇಲ್ಲ."

ನನ್ನ ಮುಖವನ್ನೇ ನೋಡಿದಳು. "ಹೋಗ್ಲಿ ಬಿಡು," ಅಂದಳು.

ಅವಳಿಗೆ ನಿಲ್ಲಲಾಗುತ್ತಿರಲಿಲ್ಲವೆಂದು ಅಂದು ಬದನೆಕಾಯಿ ಹುರಿದವನು ನಾನೇ. ತಟ್ಟೆಗೆ ಅನ್ನ ಸಾರು ಹಾಕಿಕೊಂಡು ಅವಳ ಪಕ್ಕ ಕೂತೆ. ತಪ್ಪು ಮಾಡಿದವನಿಗೆ ಉಪಚಾರ ಜಾಸ್ತಿ. ಬದನೆಕಾಯಿ ಹೋಳು ಮುರಿದು ಅನ್ನದಲ್ಲಿ ಕಲಸಿ ಅವಳ ಬಾಯಿಗೆ ತುತ್ತಿಟ್ಟೆ. ಮದುವೆಯ ದಿನ ಬಿಟ್ಟರೆ ಹಾಗೆ ಮಾಡಿದ್ದು ಅದೇ ಮೊದಲು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ಅಗಿದಳು. "ಇನ್ನೊಂದು," ಅಂದಳು. ಹಾಗೆ ಐದು ತುತ್ತು ತಿಂದಳು. ನನ್ನನ್ನು ಸಮಾಧಾನ ಮಾಡಲು ಹೀಗೆ ಆಡುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಕುಗ್ಗಿಹೋದೆ.

ಮುಂದಿನ ಶುಕ್ರವಾರ ಅವಳು ಮಸಾಲೆ ರುಬ್ಬಲಿಲ್ಲ. "ಇನ್ನು ಹೋಗ್ಬೇಡ. ನಂಗೆ ಆಸೆ ಹೋಯ್ತು," ಅಂದಳು. ನನಗೆ ನಿರಾಳವಾಯಿತು, ನಾಚಿಕೆಯೂ ಆಯಿತು. ಮಗಳು ಹುಟ್ಟಿದಳು, ಆರೋಗ್ಯವಾಗಿ, ಇಡೀ ವಾರ್ಡಿಗೆ ಕೇಳುವಂತೆ ಅಳುತ್ತಾ. ಬಾಣಂತನಕ್ಕೆ ಅಮ್ಮ ಬಂದು ಆರು ತಿಂಗಳು ಇದ್ದಳು. ರಾಡು ಕಪಾಟಿನ ಮೇಲೆ ಹೋಯಿತು. ಆ ಮೀನಿನ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ.

ಮೂರು ವರ್ಷದ ಮೇಲೆ ಕೆಲಸ ಬದಲಾಗಿ ಮೆಲ್ಬರ್ನಿಗೆ ಬಂದೆವು. ಹೊಸ ಬಾಡಿಗೆ ಮನೆಯಲ್ಲಿ ಪೆಟ್ಟಿಗೆ ಬಿಚ್ಚುವಾಗ ಹೆಂಡತಿಗೆ ಆ ಹಳೆಯ ಚೀಲ ಸಿಕ್ಕಿತು. ರಬ್ಬರ್ ಮೀನುಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಸೋಂಪಿನ ವಾಸನೆ ಮಾತ್ರ ಹಾಗೇ ಇತ್ತು. "ಬಾ, ಈ ಸಲ ನಾನು ಎಸೀತೇನೆ," ಅಂದಳು.

ಸಮುದ್ರದೊಳಕ್ಕೆ ಕಟ್ಟೆಯ ಹಾಗೆ ಚಾಚಿರುವ ಮಾರ್ಡಿಯಾಲಕ್ ಪಿಯರಿಗೆ ಹೋದೆವು. ಅವಳು ರಾಡ್ ಹಿಡಿದದ್ದು ಅದೇ ಮೊದಲು. ಎಸೆದಳು, ಕಾದಳು, ಎರಡು ಸಲ ಎತ್ತಿ ಬಿಟ್ಟಳು. ಹತ್ತು ನಿಮಿಷವೂ ಆಗಿರಲಿಲ್ಲ. ಇಲ್ಲಿಯ ಫ್ಲಾಟ್‌ಹೆಡ್ ಚಿಕ್ಕದು, ಆದರೆ ಅಳತೆಗೆ ಬಂತು. ನಾನು ಬಟ್ಟೆಯಲ್ಲಿ ಹಿಡಿದು ಕೊಕ್ಕೆ ಬಿಡಿಸಿದೆ. "ಮಗೂನ ಕರ್ಕೊಂಡು ಆ ಕಡೆ ನೋಡು," ಅಂದಳು. ನಾವಿಬ್ಬರೂ ಹಡಗು ನೋಡಿದೆವು. ತಿರುಗುವಷ್ಟರಲ್ಲಿ ಕೆಲಸ ಮುಗಿದಿತ್ತು.

ದಡದ ಪಾರ್ಕಿನಲ್ಲಿ ಬಾರ್ಬೆಕ್ಯೂ ಬಿಸಿಮಾಡಿ, ಒಂದು ಬದಿಗೆ ಮೀನು, ಇನ್ನೊಂದು ಬದಿಗೆ ನನಗೆಂದು ಬದನೆಕಾಯಿ ಇಟ್ಟಳು. ಅದೇ ಮಸಾಲೆ. ಮಗಳು ನನ್ನ ಕೈ ಹಿಡಿದವಳು ಥಟ್ಟನೆ ಬಿಟ್ಟು ಮೂಗು ಮುಚ್ಚಿಕೊಂಡಳು. "ಅಪ್ಪಾ, ಯೋರ್ ಹ್ಯಾಂಡ್ ಈಸ್ ಸ್ಟಿಂಕಿ!"

ಮೀನಿಗೆ ಹಿಂಡಲೆಂದು ಹೋಳು ಮಾಡಿಟ್ಟಿದ್ದ ನಿಂಬೆಹಣ್ಣನ್ನು ನಾನು ಕೈಗೆತ್ತಿಕೊಂಡೆ.

"ಮತ್ತೆ ನಿಂಬೆಹಣ್ಣಾ?" ಅಂದಳು ಹೆಂಡತಿ, ತವಾದಿಂದ ಕಣ್ಣೆತ್ತದೆ.

"ಮತ್ತೆ ಅಂದ್ರೆ?"

"ಬರೀ ರಬ್ಬರ್ ಮುಟ್ಟಿ ಬಂದವನ ಕೈ ಯಾವಾಗ್ಲೂ ಸೋಂಪು ವಾಸನೆ ಬರ್ತಿತ್ತು. ಅವತ್ತು ನಿಂಬೆಹಣ್ಣು. ನಮ್ಮಲ್ಲಿ ಮೀನು ಮುಟ್ಟಿದವ್ರೇ ನಿಂಬೆಹಣ್ಣಲ್ಲಿ ಕೈ ತೊಳೆಯೂದು. ನಿಮ್ಮ ಮೈಸೂರಲ್ಲಿ ಯಾರಾದ್ರೂ ತೊಳೀತಾರಾ?"

ಅವಳು ಮೀನು ಮಗುಚಿ ಹಾಕಿದಳು.

"ಬಿಟ್ಟು ಬಂದದ್ದೂ ಗೊತ್ತಾಯ್ತು. ಎಂತಕ್ಕೆ ಬಿಟ್ಟೆ ಅಂತಾನೂ ಗೊತ್ತಾಯ್ತು. ಆ ಚಪ್ಪಲಿ ನೀನು ಬಿನ್ನಿಗೆ ಹಾಕಿದ್ದನ್ನ ನಾನು ಕಿಟಕಿಯಿಂದ ನೋಡಿದ್ದೆ."

"ಅವತ್ತೇ ಹೇಳ್ಬಹುದಿತ್ತಲ್ಲೇ."

"ಹೇಳಿದ್ರೆ ನೀನು ಮತ್ತೊಂದು ಸಲ ಕೈ ತೊಳ್ಕೊಂಡು ಬರ್ತಿದ್ದೆ." ಅವಳು ನನ್ನತ್ತ ನೋಡಿದಳು. "ಉಗುರಿನ ಸಂದಿಲಿ ಹೋಗಿರ್ಲಿಲ್ಲ ಮಾರಾಯ. ತಾಜಾ ಮೀನು, ಅದೇ ದಿನ ನೀರಿಂದ ಬಂದದ್ದು. ಬದನೆಕಾಯಿ ನಾಲಿಗೆಗೆ, ಮೀನು ಮೂಗಿಗೆ. ಐದು ತುತ್ತು ತಿಂದೆ. ನನ್ನ ಬಯಕೆ ಅವತ್ತೇ ತೀರಿತ್ತು."

ನಾನು ನಿಂಬೆಹಣ್ಣನ್ನು ತಟ್ಟೆಯಲ್ಲಿ ವಾಪಸು ಇಟ್ಟೆ. ಅವಳು ಹುರಿದ ಮೀನಿನ ಮುಳ್ಳು ಬಿಡಿಸಿ ಮಗಳ ಬಾಯಿಗಿಟ್ಟಳು, ನಾನು ಬದನೆಕಾಯಿ ತಿಂದೆ. ಅಂದು ಮನೆಗೆ ಬಂದ ಮೇಲೂ ನಾನು ಕೈ ತೊಳೆಯಲಿಲ್ಲ.